ಸೀಟನ್ ಡೆಲವಲ್ ಹಾಲ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ:
ನಾವಿರುವುದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಮುಂದಿನ ತಿಂಗಳು ಬಂಗಾರಪೇಟೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಕೆಜಿಎಫ್‌ನವರು, 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಹಳೇ ಕಟ್ಟಡ ಅಂದರೆ ಅವರಿಗೆ ತುಂಬಾ ಇಷ್ಟ. ಇಲ್ಲೇ ಹತ್ತಿರ ಸೀಟನ್ ಡೆಲವಲ್ ಹಾಲ್ ಅಂತ ಬರೋಕ್ ಅನ್ನೋ ಹಳೇ ಯುರೋಪಿಯನ್ ಶೈಲಿಯ ದೊಡ್ಡ ಬಂಗಲೆ ಇದೆ, ಆದರೆ ಒಳಗೆಲ್ಲ ಸುಟ್ಟು ಹೋಗಿದೆ ಅಂತ ಆಫೀಸಿನಲ್ಲಿ ಹೇಳಿದರು. ಟಿಕೆಟ್ ಕೊಟ್ಟು ನೋಡುವಂಥದ್ದು ಏನಾದರೂ ಇದೆಯಾ? ಅಮ್ಮನಿಗೆ ಮಂಡಿ ನೋವು ಬೇರೆ. ಸುತ್ತಮುತ್ತ ಇನ್ನೇನು ನೋಡಬಹುದು?

ಉತ್ತರ 1:
ಖಂಡಿತ ಹೋಗಿ. ಸುಟ್ಟಿರುವುದರಿಂದಲೇ ಅದು ನನಗೆ ಇಷ್ಟ. ಅಡ್ಮಿರಲ್ ಜಾರ್ಜ್ ಡೆಲವಲ್‌ಗಾಗಿ ವಾಸ್ತುಶಿಲ್ಪಿ ಜಾನ್ ವಾನ್‌ಬ್ರೂ 1718ರಲ್ಲಿ ಕಟ್ಟೋಕೆ ಶುರು ಮಾಡಿದ ಮನೆ. ಬ್ಲೆನಿಮ್ ಅರಮನೆಯ ವಿನ್ಯಾಸವೂ ಅವನದೇ. ಅಡ್ಮಿರಲ್ 1723ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ, ವಾನ್‌ಬ್ರೂ 1726ರಲ್ಲಿ ಹೋದ, ಮನೆ ಮುಗಿದದ್ದು 1728ರಲ್ಲಿ. ಕಟ್ಟಿಸಿದವನೂ ನೋಡಲಿಲ್ಲ, ಕಟ್ಟಿದವನೂ ನೋಡಲಿಲ್ಲ. 1822ರ ಜನವರಿಯಲ್ಲಿ ಬೆಂಕಿ ಬಿದ್ದು ನಡುವಿನ ಭಾಗ ಪೂರ್ತಿ ಟೊಳ್ಳಾಯಿತು. ಈಗ ಮೇಲೆ ಚಾವಣಿ ಇದೆ, ಆದರೆ ಬರೀ ಗೋಡೆಗಳ ನಡುವೆ ನಿಂತ ಹಾಗಿರುತ್ತದೆ. ಮುಂಬಾಗಿಲ ಒಳಗಿನ ದೊಡ್ಡ ಹಜಾರದಲ್ಲಿ ತಲೆ ಎತ್ತಿ ನೋಡಿ. ಗೋಡೆಯ ಗೂಡುಗಳಲ್ಲಿ ಕಲಾದೇವತೆಯರ ಗಾರೆಯ ಮೂರ್ತಿಗಳಿವೆ. ಗಾರೆ ಉದುರಿ, ಕೈ ಇರಬೇಕಾದ ಕಡೆ ಒಳಗಿನ ಕಬ್ಬಿಣದ ಸರಳು ಕಾಣುತ್ತದೆ. ನಾನು ಅಲ್ಲೇ ಅರ್ಧ ಗಂಟೆ ನಿಂತುಬಿಟ್ಟೆ.

ಪೂರ್ವದ ಕಡೆಯ ಕುದುರೆ ಲಾಯವನ್ನೂ ಬಿಡಬೇಡಿ. ಕಲ್ಲಿನ ಕಮಾನಿನ ಕೆಳಗೆ ಒಂದೊಂದು ಕುದುರೆಯ ಜಾಗ, ಅದರ ಮೇಲೆ ಕುದುರೆಯ ಹೆಸರು.

ಉತ್ತರ 2:
ಮಂಡಿ ನೋವಿದ್ದರೆ ಮುಂಬಾಗಿಲ ಮೆಟ್ಟಿಲು ನಿಧಾನವಾಗಿ ಹತ್ತಲಿ, ಸುರುಳಿ ಮೆಟ್ಟಿಲು ಬೇಡವೇ ಬೇಡ. ಲಾಯ, ತೋಟ ಆರಾಮಾಗಿ ನೋಡಬಹುದು. ಜಾಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಸದಸ್ಯರಾಗಿದ್ದರೆ ಟಿಕೆಟ್ ಬೇಕಿಲ್ಲ. 2024ರ ಡಿಸೆಂಬರ್‌ನಿಂದ ನ್ಯೂಕಾಸಲ್‌ನಿಂದ ಸೀಟನ್ ಡೆಲವಲ್‌ಗೆ ಮತ್ತೆ ರೈಲು ಇದೆ, ಆದರೆ ಸ್ಟೇಷನ್‌ನಿಂದ ಹಾಲ್‌ಗೆ ಅಮ್ಮ ನಡೆಯೋದು ಕಷ್ಟ, ಟ್ಯಾಕ್ಸಿ ಮಾಡಿ. ಹತ್ತಿರದ ಪುಟ್ಟ ದ್ವೀಪದಲ್ಲಿರುವ ಸೇಂಟ್ ಮೇರೀಸ್ ಲೈಟ್‌ಹೌಸ್‌ಗೆ ಹೋಗುವುದಾದರೆ ಭರತ ಇಳಿತದ ಸಮಯ ನೋಡಿಕೊಂಡೇ ಹೊರಡಿ, ದಾರಿ ಸಮುದ್ರದೊಳಗೆ ಮುಳುಗಿಬಿಡುತ್ತದೆ. ಮೇಲೆ ಹತ್ತೋಕೆ 137 ಮೆಟ್ಟಿಲು. ಅಮ್ಮ ದಡದಿಂದಲೇ ನೋಡಲಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಉತ್ತರ 3:
ನಿಮ್ಮ ಅಪ್ಪ ಗಣಿಯವರು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಡೆಲವಲ್ ಮನೆತನಕ್ಕೆ ದುಡ್ಡು ಹೆಚ್ಚಾಗಿ ಬಂದದ್ದು ಕಲ್ಲಿದ್ದಲು, ಉಪ್ಪು, ಗಾಜಿನಿಂದ. ಹಾಲ್‌ನಿಂದ ಸಮುದ್ರದ ಕಡೆ ಇಳಿದರೆ ಸೀಟನ್ ಸ್ಲೂಸ್ ಅನ್ನೋ ಹಳೇ ಬಂದರು ಸಿಗುತ್ತದೆ. ಕಲ್ಲಿದ್ದಲ ಹಡಗುಗಳು ಬರಲಿ ಅಂತ 1760ರ ದಶಕದಲ್ಲಿ ಬಂಡೆಯನ್ನೇ ಕೊರೆದು ಕಾಲುವೆ ಮಾಡಿದ್ದಾರೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಆ ಕೆಲಸ ಎಷ್ಟಿತ್ತು ಅಂತ ನಿಮ್ಮ ಅಪ್ಪನಿಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಪಕ್ಕದಲ್ಲೇ ನ್ಯೂ ಹಾರ್ಟ್ಲಿ ಅನ್ನೋ ಊರು. 1862ರ ಜನವರಿ 16ರಂದು ಅಲ್ಲಿನ ಗಣಿಯಲ್ಲಿ ನೀರೆತ್ತುವ ಎಂಜಿನ್ನಿನ ಕಬ್ಬಿಣದ ತೊಲೆ ಮುರಿದು ಶಾಫ್ಟ್ ಒಳಗೆ, ಅಂದರೆ ಗಣಿಗೆ ಇಳಿಯುವ ಬಾವಿಯೊಳಗೆ ಬಿತ್ತು. ಇದ್ದದ್ದು ಒಂದೇ ಶಾಫ್ಟ್, ಬೇರೆ ದಾರಿಯೇ ಇರಲಿಲ್ಲ. 204 ಜನ ಸತ್ತರು, ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಅದೇ ವರ್ಷ ಎರಡು ದಾರಿ ಇರಲೇಬೇಕು ಅಂತ ಕಾನೂನು ಬಂತು. ಹತ್ತಿರದ ಅರ್ಸ್‌ಡನ್ ಊರಿನ ಚರ್ಚಿನ ಅಂಗಳದಲ್ಲಿ ಸ್ಮಾರಕ ಇದೆ. ಹೆಸರುಗಳನ್ನು ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಬಂಗಲೆಯ ಜೊತೆ ಅದನ್ನೂ ನೋಡಿ ದಯವಿಟ್ಟು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹಾರ್ಟ್ಲಿಯ ವಿಷಯ ಹೇಳಿದೆ. "ಒಂದೇ ಶಾಫ್ಟಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಮೊದಲು ಆ ಚರ್ಚಿಗೆ ಹೋಗೋಣ, ಬಂಗಲೆ ಮಧ್ಯಾಹ್ನ ನೋಡಿದರಾಯಿತು, ಚರ್ಚಿಗೆ ಹೋಗುವಾಗ ಹೂವು ತೆಗೆದುಕೊಳ್ಳೋಣ ಅಂದರು. ಅರ್ಸ್‌ಡನ್‌ನಿಂದ ಹಾಲ್‌ಗೆ ಬಸ್ಸಾ, ಟ್ಯಾಕ್ಸಿಯಾ, ಯಾವುದು ಸುಲಭ?