ಒಳಾಂಗಣ ಬ್ಯಾಡ್ಮಿಂಟನ್ ಫೋಟೊಗೆ 30 ಸಾವಿರದಲ್ಲಿ ಏನು ಕೊಳ್ಳಲಿ?

ಪ್ರಶ್ನೆ: ನಮಸ್ತೆ ಸರ್. ಮಗಳಿಗೆ 11 ವರ್ಷ, ಬ್ಯಾಡ್ಮಿಂಟನ್ ಆಡುತ್ತಾಳೆ. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55 ಮತ್ತು 55-250 ಲೆನ್ಸ್ ಇವೆ. ಹಾಲ್ ಒಳಗೆ ತೆಗೆದರೆ ಎಲ್ಲ ಮಸುಕು. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 6400, ಎಫ್ 5.6 ಇಟ್ಟರೂ ಶಟರ್ ಸೆಕೆಂಡಿನ 1/125 ದಾಟುವುದಿಲ್ಲ. ಬಜೆಟ್ 30 ಸಾವಿರ. ಬೇರೆ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಳ್ಳಲಾ?

ಉತ್ತರ: ಬಾಡಿ ಬೇಡ ಮೇಡಂ, ಮೊದಲು ಲೆನ್ಸ್. ಉತ್ತರ ನೀವು ಕೊಟ್ಟ ಅಂಕಿಗಳಲ್ಲೇ ಇದೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಕಿಂಡಿ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದೇ ಹಾಲ್, ಅದೇ ಐಎಸ್‌ಒ, ಆದರೆ ಶಟರ್ 1/1000 ಸಲೀಸಾಗಿ ಸಿಗುತ್ತದೆ. ಸ್ಮ್ಯಾಶ್ ಹೊಡೆಯುವ ಕೈ ನಿಲ್ಲಬೇಕಾದರೆ ಅಷ್ಟು ಬೇಕೇ ಬೇಕು. ಬರೀ ಬಾಡಿ ಬದಲಿಸಿದರೆ ಈ ಹತ್ತು ಪಟ್ಟು ಎಲ್ಲಿಂದ ಬರಬೇಕು ಹೇಳಿ?

ಕ್ಯಾನನ್ 85 ಎಂಎಂ ಎಫ್ 1.8 ಯುಎಸ್‌ಎಂ ಸೆಕೆಂಡ್ ಹ್ಯಾಂಡ್ ಹುಡುಕಿ. 1992ರಿಂದ ಇರುವ ಲೆನ್ಸ್, ಆದರೂ ಫೋಕಸ್ ಚುರುಕು. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ ಅದು 136 ಎಂಎಂನಷ್ಟು ಹತ್ತಿರ ತರುತ್ತದೆ. ಎಂಟು ಮೀಟರ್ ದೂರದ ಹುಡುಗಿ, ಕ್ಯಾಮೆರಾ ಉದ್ದಕ್ಕೆ ಹಿಡಿದರೆ, ತಲೆಯಿಂದ ಶೂವರೆಗೆ ಬರುತ್ತಾಳೆ. 50 ಎಂಎಂ ಎಫ್ 1.8 ಇನ್ನೂ ಅಗ್ಗ, ಕೋರ್ಟ್ ಪಕ್ಕದಲ್ಲೇ ಕೂರಲು ಬಿಟ್ಟರೆ ಸಾಕಾಗುತ್ತದೆ. ಆದರೆ ಅದರ ಫೋಕಸ್ ಸ್ವಲ್ಪ ನಿಧಾನ.

ಹಳೆ ಲೆನ್ಸ್ ಕೊಳ್ಳುವಾಗ ಟಾರ್ಚ್ ಹಾಕಿ ಒಳಗೆ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್ (ಬೂಷ್ಟು), ಬಿಟ್ಟುಬಿಡಿ. ಕರಾವಳಿಯಿಂದ ಬಂದ ಮಾಲಾದರೆ ಇನ್ನೂ ಹುಷಾರು.

ಪ್ರಶ್ನೆ: ಥ್ಯಾಂಕ್ಸ್ ಸರ್. ಫ್ಲ್ಯಾಶ್ ಹಾಕಬಹುದಾ? ಮತ್ತೆ ಕೆಲವು ಫೋಟೊ ಹಳದಿ, ಕೆಲವು ಕಪ್ಪಾಗಿ ಬರುತ್ತವೆ.

ಉತ್ತರ: ಫ್ಲ್ಯಾಶ್ ಖಂಡಿತ ಬೇಡ. ಷಟಲ್ ನೋಡುತ್ತಿರುವ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ.

ಬಣ್ಣ ಬದಲಾಗುವುದು ಹಾಲ್ ದೀಪಗಳಿಂದ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/1000ರಂಥ ಚುರುಕು ಶಟರ್‌ನಲ್ಲಿ ಆ ಮಿನುಗಿನ ಒಂದು ಚೂರು ಮಾತ್ರ ಸಿಗುತ್ತದೆ, ಹಾಗಾಗಿ ಒಂದು ಫೋಟೊ ಹಳದಿ, ಇನ್ನೊಂದು ಕಪ್ಪು. ಸದ್ಯಕ್ಕೆ ಮೂರು-ನಾಲ್ಕು ಒಟ್ಟಿಗೆ ತೆಗೆದು ಒಳ್ಳೆಯದನ್ನು ಇಟ್ಟುಕೊಳ್ಳಿ, ರಾ ಫೈಲ್‌ನಲ್ಲೇ ತೆಗೆಯಿರಿ, ಬಣ್ಣ ಆಮೇಲೆ ತಿದ್ದಬಹುದು. ಮುಂದೆ ದುಡ್ಡು ಕೂಡಿದಾಗ ಹಳೆಯ ಕ್ಯಾನನ್ 80ಡಿ ಬಾಡಿ ನೋಡಿ. ಅದರಲ್ಲಿ ಆ್ಯಂಟಿ ಫ್ಲಿಕರ್ (ದೀಪದ ಮಿನುಗು ನೋಡಿ ಕ್ಲಿಕ್ ಮಾಡುವ ಸೌಲಭ್ಯ) ಇದೆ, ಸೆಕೆಂಡಿಗೆ 7 ಫೋಟೊ ಬರುತ್ತದೆ. ನಿಮ್ಮದರಲ್ಲಿ ಬರುವುದು 3.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನದು ನಿಕಾನ್ ಡಿ5600. ಸ್ನೇಹಿತ 50 ಎಂಎಂ 1.8ಡಿ ಅಗ್ಗಕ್ಕೆ ಕೊಡುತ್ತೇನೆ ಅಂತಿದ್ದಾನೆ. ತಗೊಳ್ಳಲಾ?

ಉತ್ತರ: ಬೇಡಪ್ಪ! ನಿಮ್ಮ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, 'ಡಿ' ಲೆನ್ಸ್‌ನಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಬೇಕಾಗುತ್ತದೆ, ಬ್ಯಾಡ್ಮಿಂಟನ್‌ನಲ್ಲಿ ಅದು ಆಗದ ಮಾತು. ಮೋಟಾರ್ ಇರುವ 1.8ಜಿ ತಗೊಳ್ಳಿ.

ಮೇಡಂ, ಲೆನ್ಸ್ ಬಂದ ಮೇಲೆ ಎಐ ಸರ್ವೋ (ಓಡುವವರನ್ನು ಬಿಡದೆ ಹಿಂಬಾಲಿಸುವ ಫೋಕಸ್) ಹಾಕಿ, ನಡುವಿನ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಳ್ಳಿ. ಎದುರು ಬದಿಯ ಮೂಲೆಯಲ್ಲಿ ನೆಲದ ಮೇಲೆ ಕೂತು ತೆಗೆಯಿರಿ. ನೆಟ್ ಹಿಂದೆ ನೇರ ಕೂತರೆ ಫೋಕಸ್ ನೆಟ್‌ಗೇ ಅಂಟಿಕೊಳ್ಳುತ್ತದೆ. ಮೊದಲ ವಾರ ಅಭ್ಯಾಸದ ಹೊತ್ತಿನಲ್ಲೇ ತೆಗೆದು ನೋಡಿ. ಎರಡು ಫೋಟೊ ಇಲ್ಲಿ ಹಾಕಿ, ಸೆಟ್ಟಿಂಗ್ ಒಟ್ಟಿಗೆ ನೋಡೋಣ.