ಕಾಸ್ರೋಡಿನ ಕತೆ ಅಂತ ಹೊಗಳಿಸಿಕೊಂಡ ಸಿನಿಮಾಗಳಲ್ಲಿ ನಿಮಗೆ ನಮ್ಮ ಊರು ನಿಜವಾಗಿ ಕಂಡದ್ದು ಯಾವುದರಲ್ಲಿ?

ಬದಿಯಡ್ಕದವ:
ನಮ್ಮ ಕಡೆಯವರು ಕನ್ನಡ ಸಿನಿಮಾನೂ ನೋಡ್ತೇವೆ, ಮಲಯಾಳವೂ ನೋಡ್ತೇವೆ, ಹಾಗಾಗಿ ಈ ಪ್ರಶ್ನೆ ನಮಗೇ ಸರಿಯಾಗಿ ಅರ್ಥ ಆಗ್ಬಹುದು. ನನ್ನ ಅಭಿಪ್ರಾಯ ಮೊದಲೇ ಹೇಳ್ತೇನೆ. 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ನನಗೆ ಅರ್ಧವೇ ಇಷ್ಟ. ಆ ಮಕ್ಕಳು, ಆ ಜಗಲಿ, ಕನ್ನಡ ಬಾರದ ಮಾಷ್ಟ್ರು ಬಂದು ಲೆಕ್ಕ ಪಾಠ ಮಾಡುದು, ಮಕ್ಕಳು ಪಿಳಿಪಿಳಿ ನೋಡುದು, ಅದೆಲ್ಲ ಸುಳ್ಳಲ್ಲ, ಇಲ್ಲಿ ನಡೆಯುವುದೇ. ಆದ್ರೆ ಶಾಲೆಗೆ ಬೀಗ ಬಿದ್ದ ಮೇಲೆ ಮೈಸೂರಿಗೆ ಹೋಗಿ ಅನಂತ್‌ನಾಗ್ ಅವರನ್ನು ಕರ್ಕೊಂಡು ಬರ್ತಾರಲ್ಲ, ಅಲ್ಲಿಂದ ಸಿನಿಮಾ ನಮ್ಮದಲ್ಲ, ಬೇರೆಯವರದ್ದು ಆಗಿಬಿಡ್ತದೆ. ಅನಂತ್‌ನಾಗ್ ಆಕ್ಟಿಂಗ್ ಬಗ್ಗೆ ಎರಡು ಮಾತಿಲ್ಲ, ಕೋರ್ಟಿನ ಆ ಸೀನನ್ನು ಅವರಲ್ಲದೆ ಬೇರೆ ಯಾರೂ ಹಿಡಿದು ನಿಲ್ಲಿಸ್ಲಿಕ್ಕೆ ಆಗ್ತಿರ್ಲಿಲ್ಲ. ಆದ್ರೆ ಇಲ್ಲಿ ಶಾಲೆಗೋಸ್ಕರ ಕೂಲಿ ಬಿಟ್ಟು ಮೀಟಿಂಗಿಗೆ ಬರುವ ಅಪ್ಪ ಅಮ್ಮಂದಿರಿದ್ದಾರೆ, ಬಿಸಿಲಲ್ಲಿ ಧರಣಿ ಕೂತವರಿದ್ದಾರೆ, ಸಿನಿಮಾದಲ್ಲಿ ಅವರಿಗೆಲ್ಲ ಕೊನೆಗೆ ಚಪ್ಪಾಳೆ ತಟ್ಟುವ ಕೆಲಸ ಮಾತ್ರ.

ನನಗೆ ಹತ್ತಿರ ಆದದ್ದು 2021ರಲ್ಲಿ ಬಂದ 'ತಿಂಗಳಾಳ್ಚ ನಿಶ್ಚಯಂ'. ಕಾಞಂಗಾಡಿನ ಒಂದು ಮನೆ, ಕುವೈತಿಂದ ಬಂದು ಕೂತ ಅಪ್ಪ, ಸೋಮವಾರ ಮಗಳ ನಿಶ್ಚಯ, ಮಗಳಿಗೆ ಮನಸ್ಸಿಲ್ಲ, ಅಷ್ಟೇ ಕತೆ. ಇಡೀ ಸಿನಿಮಾ ಆ ಮನೆ ಮತ್ತು ಅಂಗಳ ಬಿಟ್ಟು ಹೆಚ್ಚು ಹೊರಗೆ ಹೋಗುವುದೇ ಇಲ್ಲ. ಅಪ್ಪನ ಸಾಲ, ಅಪ್ಪನ ಮರ್ಯಾದೆ, ಅಡಿಗೆ ಕೋಣೆಯಲ್ಲಿ ಹೆಂಗಸರು ಮೆಲ್ಲ ಮಾತಾಡುದು, ಯಾರೂ ವಿಲನ್ ಅಲ್ಲ ಆದ್ರೂ ಆ ಹುಡುಗಿಗೆ ಉಸಿರು ಕಟ್ತದೆ. ಭಾಷೆ ಮಲಯಾಳ ಆದ್ರೂ ಅದು ನಮ್ಮ ಮನೆಯೇ. ಡೈರೆಕ್ಟರ್ ಸೆನ್ನ ಹೆಗ್ಡೆ ಕಾಞಂಗಾಡಿನವರೇ, ಅದಕ್ಕೆ ಮೊದ್ಲು 2018ರಲ್ಲಿ ದಿಗಂತ್ ಹಾಕಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದ್ದರು, ಅದೂ ಚಂದ ಉಂಟು ಆದ್ರೆ ನೋಡಿದವರು ಕಮ್ಮಿ. ನಿಮಗೆಲ್ಲ ಎಂತ ಅನ್ನಿಸ್ತದೆ?

ಕನ್ನಡ ಟೀಚರ್:
ಸರ್ಕಾರಿ ಶಾಲೆ ಬಗ್ಗೆ ನೀವು ಹೇಳಿದ್ದನ್ನು ನಾನು ಒಪ್ಪುದಿಲ್ಲ. ಪೂರ್ತಿ ಒಪ್ಪುದಿಲ್ಲ. ಕನ್ನಡ ಗೊತ್ತಿಲ್ಲದ ಮಾಷ್ಟ್ರನ್ನು ಕನ್ನಡ ಮೀಡಿಯಂ ಕ್ಲಾಸಿಗೆ ಹಾಕುದು ನಾನು ಹತ್ತಿರದಿಂದ ನೋಡಿದ ವಿಷಯ. ಯಾವ ಶಾಲೆ ಅಂತ ಹೇಳುದಿಲ್ಲ, ಗಣಿತದ ಪೀರಿಯಡ್ ಮುಗಿದ ಮೇಲೆ ಮಕ್ಕಳು ನನ್ನ ಹತ್ರ ಬಂದು ಟೀಚರ್ ಅವರು ಹೇಳಿದ್ದು ಎಂತ ಅಂತ ಕೇಳ್ತಿದ್ದರು, ನಾನು ನನ್ನ ಪಾಠ ಬಿಟ್ಟು ಅದನ್ನು ಹೇಳಿಕೊಡ್ಬೇಕು. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದಾಗಿಂದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆವರೆಗೂ ಹೇಳಿ ಹೇಳಿ ದಣಿದ ವಿಷಯ ಇದು. ಬೆಂಗ್ಳೂರಿನ ಜನ ಅದನ್ನು ಒಂದು ದಿನ ಆದ್ರೂ ಕೇಳಿಸಿಕೊಂಡದ್ದು ಆ ಸಿನಿಮಾದಿಂದ, ಅದೂ ಥಿಯೇಟರಿಗೆ ದುಡ್ಡು ಕೊಟ್ಟು ಹೋಗಿ. ಮಕ್ಕಳ ಸಿನಿಮಾ ಅಂತ ನ್ಯಾಷನಲ್ ಅವಾರ್ಡ್ ಬಂತು. ಕೋರ್ಟ್ ಸೀನ್ ಜೋರಾಯ್ತು ನಿಜ, ಆದ್ರೆ ಮೆಲ್ಲ ಹೇಳಿದ್ರೆ ಯಾರು ಕೇಳ್ತಾರೆ ಹೇಳಿ? ಮತ್ತೆ ಆ ಮಕ್ಕಳು ಹೇಗೆ ಮಾಡಿದ್ದಾರೆ! ಸಿನಿಮಾದಲ್ಲಿ ಮಕ್ಕಳು ಅಂದ್ರೆ ದೊಡ್ಡವರ ಮಾತು ಬಾಯಿಪಾಠ ಒಪ್ಪಿಸುವವರು ಅಂತ ಆಗಿತ್ತು, ಇವರು ಮಕ್ಕಳ ಹಾಗೇ ಇದ್ದಾರೆ.

ಉಪ್ಪಳ ಪ್ಯಾಸೆಂಜರ್:
ನನ್ನ ವೋಟು ಮಲಯಾಳದ 'ತೊಂಡಿಮುದಲುಂ ದೃಕ್ಸಾಕ್ಷಿಯುಂ'. ಫಹಾದ್ ಬಸ್ಸಲ್ಲಿ ಸರ ಕದ್ದು ನುಂಗಿ ಆಮೇಲೆ ಸ್ಟೇಷನಲ್ಲಿ ಅಷ್ಟು ತಣ್ಣಗೆ ಕೂತ್ಕೊಳ್ತಾನಲ್ಲ, ಆ ಕಣ್ಣು ನೋಡಿದ್ರೆ ಕಳ್ಳನ ಮೇಲೆ ಸಿಟ್ಟೂ ಬರ್ತದೆ ಪಾಪವೂ ಅನ್ನಿಸ್ತದೆ. ಎಸ್‌ಐ ಆಗಿ ಮಾಡಿದ ಸಿಬಿ ಥಾಮಸ್ ನಿಜವಾದ ಪೊಲೀಸ್ ಆಫೀಸರ್, ಅದಕ್ಕೇ ಆ ಸ್ಟೇಷನ್ ಸೆಟ್ ಹಾಕಿದ ಹಾಗೆ ಕಾಣುದೇ ಇಲ್ಲ. ರಾಜೀವ್ ರವಿ ಕ್ಯಾಮರಾದಲ್ಲಿ ಆ ಒಣಗಿದ ಪಾರೆ (ಕಲ್ಲುಬಯಲು), ಮುಳಿಹುಲ್ಲು, ನೀರಿಲ್ಲದ ಗದ್ದೆ, ಬೇಸಿಗೆಯ ಕಾಸ್ರೋಡು ಅದೇ. ಬೇಕಲ ಕೋಟೆಯನ್ನು ಎಲ್ಲರೂ ತೋರಿಸಿದ್ದಾರೆ, 1995ರ 'ಬಾಂಬೆ'ಯ ಹಾಡಿಂದ ಹಿಡಿದು, ಆದ್ರೆ ಈ ಪಾರೆಯನ್ನು ಇಷ್ಟು ಗೌರವದಲ್ಲಿ ತೋರಿಸಿದ್ದು ಇವರೇ. 'ನ್ನಾ ತಾನ್ ಕೇಸ್ ಕೊಡ್' ಕೂಡ ಇಷ್ಟ, ಅದರಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಮಾಡಿದ ಪಿ. ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯವರು, ಸ್ಟಾರ್‌ಗಳನ್ನೆಲ್ಲ ಬದಿಗೆ ಸರಿಸಿ ಸಿನಿಮಾ ಹೊತ್ತುಕೊಂಡು ಹೋಗ್ತಾರೆ.

ಬದಿಯಡ್ಕದವ:
ತೊಂಡಿಮುದಲ್ ಒಳ್ಳೆ ಸಿನಿಮಾ ಹೌದು, ಸ್ಕ್ರಿಪ್ಟ್ ಅಂತೂ ಕಲಿಯುವವರಿಗೆ ಪಾಠ. ಆದ್ರೆ ಅದರಲ್ಲಿ ಕಾಸ್ರೋಡು ಅಂದ್ರೆ ತೆಂಕು ಕೇರಳದವರು ಬಂದು ಕಷ್ಟ ಪಡುವ ದೂರದ ಜಾಗ, ಇಲ್ಲೇ ಹುಟ್ಟಿದವರ ಕಷ್ಟ ಎಂತದ್ದು ಅಂತ ಕತೆಗೆ ಬೇಕಾಗಿಲ್ಲ. ಕನ್ನಡ ಅಥವಾ ತುಳು ಮಾತಾಡುವ ಒಬ್ಬ ಮನುಷ್ಯ ನನ್ನ ಮನಸ್ಸಲ್ಲಿ ಉಳಿದಿಲ್ಲ ಆ ಸಿನಿಮಾದಿಂದ. ಟೀಚರ್, ನೀವು ಹೇಳಿದ್ದು ಸರಿ ಉಂಟು, ಆ ವಿಷಯ ಹೊರಗೆ ಗೊತ್ತಾಗ್ಲೇಬೇಕಿತ್ತು. ನಾನು ಹೇಳುದು ಗೆಲ್ಲಿಸ್ಲಿಕ್ಕೆ ಹೊರಗಿನವರೇ ಯಾಕೆ ಬೇಕು ಅಂತ. ನಿಮ್ಮಂಥ ಒಬ್ಬ ಟೀಚರ್ ಆ ಕೋರ್ಟಲ್ಲಿ ನಿಂತು ಮಾತಾಡಿದ್ರೆ ನನಗೆ ಇನ್ನೂ ಜಾಸ್ತಿ ಕಣ್ಣೀರು ಬರ್ತಿತ್ತು.

ಹೊಸೂರು ಕನ್ನಡಿಗ:
ನಾನು ನಿಮ್ಮ ಊರಿನವನಲ್ಲ ಆದ್ರೂ ಬರೀತಾ ಇದೀನಿ. ಇಲ್ಲಿ ತಮಿಳುನಾಡಲ್ಲಿ 2006ರ ಕಾಯ್ದೆ ಬಂದ ಮೇಲೆ ಒಂದನೇ ಕ್ಲಾಸಿಂದ ತಮಿಳು ಕಡ್ಡಾಯ ಆಯ್ತು, ಹೊಸೂರು ತಾಳವಾಡಿ ಕಡೆ ಕನ್ನಡ ಮಕ್ಕಳ ಕಥೆ ಯಾರೂ ಸಿನಿಮಾ ಮಾಡಿಲ್ಲ. ಸರ್ಕಾರಿ ಶಾಲೆ ನೋಡಿ ನಮ್ಮಪ್ಪ ಥಿಯೇಟರಲ್ಲೇ ಅತ್ತುಬಿಟ್ರು, ಅವರಿಗೆ ಕಾಸರಗೋಡು ಎಲ್ಲಿದೆ ಅಂತಾನೂ ಸರಿಯಾಗಿ ಗೊತ್ತಿಲ್ಲ. ನಿಮ್ಮ ಊರಿಗೆ ಇಷ್ಟು ಸಿನಿಮಾ ಇದೆ ಅಂತ ಓದಿ ಹೊಟ್ಟೆಕಿಚ್ಚಾಗ್ತಿದೆ ನಿಜವಾಗ್ಲೂ.

ತೂಮಿನಾಡು ಬಾರ್ಡರ್:
ಯಾರೂ 'ಸು ಫ್ರಮ್ ಸೋ' ಹೆಸರು ಎತ್ಲೇ ಇಲ್ಲ ಅಲ್ವಾ ಮಾರಾಯ್ರೆ! ಜೆ. ಪಿ. ತೂಮಿನಾಡು ಡೈರೆಕ್ಷನ್, ಅವರದ್ದೇ ಹೀರೋ ಪಾತ್ರ, ಪ್ರಕಾಶ್ ತೂಮಿನಾಡು ಕೂಡ ಉಂಟು, ಇಬ್ಬರೂ ನಮ್ಮ ಮಂಜೇಶ್ವರದವರು, ನಾಟಕದ ಸ್ಟೇಜಿಂದ ಬಂದವರು. ಕತೆ ಕಾಸ್ರೋಡಲ್ಲಿ ನಡೆಯುದಿಲ್ಲ ಸರಿ, ಅದರಲ್ಲಿ ಪ್ರೇತ ಆದ ಸುಲೋಚನ ಸೋಮೇಶ್ವರದವಳು, ಸಿನಿಮಾದ ಹೆಸರೂ ಅದೇ, ಆದ್ರೆ ಆ ಊರಿನ ಜನ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವ ಸ್ಪೀಡ್ ಉಂಟಲ್ಲ, ಅದು ಕೇರಳ ಗಡಿಯ ತಲಪಾಡಿ ಗೇಟಿನ ಈಚೆ ಆಚೆ ಎರಡೂ ಕಡೆ ಒಂದೇ. ಮೊದಲ ಭಾಗದಲ್ಲಿ ನಗ್ತಾ ನಗ್ತಾ ಇದ್ದವರಿಗೆ ಸುಲೋಚನಳ ಮಗಳು ಭಾನು ಬಂದ ಮೇಲೆ ಎದೆ ಭಾರ ಆಗ್ತದೆ, ಇಡೀ ಊರು ಪ್ರೇತಕ್ಕೆ ಹೆದರ್ತದೆ, ಜೀವ ಇರುವ ಹೆಂಗಸಿನ ಕಷ್ಟ ಯಾರ ಕಣ್ಣಿಗೂ ಬೀಳುದಿಲ್ಲ, ಅದನ್ನು ಒಂದು ಭಾಷಣ ಇಲ್ಲದೆ ಹೇಳಿದ್ದಾರೆ. ನನಗೆ 'ಕಾಂತಾರ'ದ ಕ್ಲೈಮ್ಯಾಕ್ಸ್ ರೋಮ ನಿಲ್ಲಿಸಿದ್ದು ಹೌದು, ಆದ್ರೆ ಹೀರೋ ನಾಯಕಿ ಲೀಲಾಳ ಹಿಂದೆ ಬಿದ್ದು ಚಿವುಟುವ ಸೀನ್ ಇವತ್ತಿಗೂ ಬೇಡ ಅನ್ನಿಸ್ತದೆ, ಸು ಫ್ರಮ್ ಸೋದಲ್ಲಿ ಹೆಣ್ಣಿನ ಕಡೆಯಿಂದ ನೋಡಿದ್ದಾರೆ, ಅದಕ್ಕೇ ನನಗೆ ಅದು ಮೇಲೆ. ಮತ್ತೆ ಮಲಯಾಳಕ್ಕೆ ಡಬ್ ಆಗಿ ಮಲಯಾಳ ನಟ ದುಲ್ಖರ್ ಕಂಪೆನಿಯೇ ಕೇರಳದಲ್ಲಿ ರಿಲೀಸ್ ಮಾಡಿತು, ನೀವು ಡಬ್ ನೋಡ್ಬೇಡಿ, ಕನ್ನಡದ್ದೇ ನೋಡಿ.

ಕನ್ನಡ ಟೀಚರ್:
ಪ್ರಕಾಶ್ ಅವರು ಸರ್ಕಾರಿ ಶಾಲೆಯಲ್ಲೂ ಇದ್ದಾರೆ, ಭುಜಂಗ! ಅವರನ್ನು ಮರೆತು ಹೊರಗಿನವರ ಸಿನಿಮಾ ಅಂತ ಹೇಳ್ಬೇಡಿ ಬದಿಯಡ್ಕದವರೇ. ಸು ಫ್ರಮ್ ಸೋ ಈ ಶನಿವಾರ ಮನೆಯಲ್ಲಿ ಎಲ್ಲರಿಗೂ ಹಾಕ್ತೇನೆ, ತಿಂಗಳಾಳ್ಚ ನಿಶ್ಚಯಂ ಆಮೇಲೆ. ನೋಡಿ ಬಂದು ಜಗಳ ಮುಂದುವರಿಸುವ.