ಪಿಕಪ್ ಟ್ರಕ್ಕಿಗೆ ಹಿಂದೆ ನಾಲ್ಕು ಟೈರ್ ಬೇಕಾ, ಎರಡೇ ಸಾಕಾ? ಫಿಫ್ತ್ ವೀಲ್ ಎಳೆಯುವವರು ಅನುಭವ ಹೇಳಿ

ಪ್ರಶ್ನೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ

ಎಲ್ಲರಿಗೂ ನಮಸ್ಕಾರ. ನಾವು ಮೂರು ವರ್ಷದಿಂದ ಒಂದು ಚಿಕ್ಕ ಟ್ರೈಲರ್ ಎಳೆದುಕೊಂಡು ಕ್ಯಾಂಪಿಂಗ್ ಹೋಗುತ್ತಿದ್ದೇವೆ. ಮುಂದಿನ ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ. ಅವರಿಗೆ ಯೆಲ್ಲೋಸ್ಟೋನ್ ತೋರಿಸಬೇಕು. ಟ್ರೈಲರ್‌ನಲ್ಲಿ ಮೇಲಿನ ಬಂಕ್ ಹತ್ತೋದು ಅವರಿಂದ ಆಗಲ್ಲ. ಅದಕ್ಕೇ 33 ಅಡಿಯ ಒಂದು ಫಿಫ್ತ್ ವೀಲ್ ನೋಡಿಟ್ಟಿದ್ದೇವೆ. ಅದೇ, ಪಿಕಪ್ಪಿನ ಹಿಂದಿನ ಬಂಪರಿಗಲ್ಲ, ತೊಟ್ಟಿಯ ಒಳಗೇ ಬಂದು ಕೂರುತ್ತಲ್ಲ, ಆ ಥರದ ಟ್ರೈಲರ್. ಖಾಲಿ ತೂಕ 10,900 ಪೌಂಡ್, ತುಂಬಿದರೆ ಗರಿಷ್ಠ 13,500.

ಟ್ರಕ್ ಇನ್ನೂ ಕೊಂಡಿಲ್ಲ. ಡೀಲರ್ ಒಬ್ಬ ಫೋರ್ಡ್‌ನ ಡೀಸೆಲ್ ಪಿಕಪ್ ಎಫ್-250 ತೋರಿಸಿ "ಆರಾಮಾಗಿ ಎಳೆಯುತ್ತೆ" ಅಂದ. ಸ್ನೇಹಿತರೊಬ್ಬರು ಹಿಂದೆ ಜೋಡಿ ಟೈರ್ ಇರುವ ಡ್ಯೂಲಿ ಬಿಟ್ಟು ಬೇರೆ ಯೋಚನೆಯೇ ಬೇಡ ಅನ್ನುತ್ತಾರೆ. ನನ್ನ ಹೆಂಡತಿ, "ಆ ಅಗಲ ಸೊಂಟದ ಗಾಡಿ ನಾನು ಓಡಿಸಲ್ಲ" ಅಂತ ಮೊದಲೇ ಹೇಳಿಬಿಟ್ಟಿದ್ದಾಳೆ. ಒಟ್ಟು ಐದು ಜನ ಹೋಗುತ್ತೇವೆ. ಎರಡೂ ಓಡಿಸಿದವರು ದಯವಿಟ್ಟು ಹೇಳಿ.

ಟೆಕ್ಸಾಸ್‌ನ ಹ್ಯೂಸ್ಟನ್ ಕಡೆಯಿಂದ

ಎಂಟು ವರ್ಷದಲ್ಲಿ ಎರಡು ಟ್ರಕ್ ಬದಲಾಯಿಸಿದ್ದೇನೆ. ಮೊದಲನೆಯದು ದಡ್ಡತನದಿಂದ, ಎರಡನೆಯದು ಲೆಕ್ಕ ಹಾಕಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಡೀಲರ್ ಸುಳ್ಳು ಹೇಳಿಲ್ಲ. ಎಫ್-250 ಅದನ್ನು ಎಳೆಯುತ್ತದೆ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ನಮ್ಮೂರಿನ ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಹುಲ್ಲು ಮುಂದಕ್ಕೆ ಜಾಸ್ತಿ ಹೇರಿದರೆ ನೊಗ ಎತ್ತಿನ ಹೆಗಲ ಮೇಲೆ ಒತ್ತುತ್ತದೆ. ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದೆ, ಗಾಡಿ ಓಲಾಡುತ್ತದೆ. ಗಾಡಿ ಉರುಳುವುದು ಚಕ್ರದ ಮೇಲೆ, ಆದರೆ ಒಂದು ಪಾಲು ಹೆಗಲಿಗೆ ಬಂದೇ ಬರಬೇಕು. ಬಂಪರಿಗೆ ಕಟ್ಟುವ ಟ್ರೈಲರ್‌ನಲ್ಲಿ ಆ ಪಾಲು ನೂರಕ್ಕೆ 10ರಿಂದ 15. ಫಿಫ್ತ್ ವೀಲ್‌ನಲ್ಲಿ 20ರ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ. ಟ್ರಕ್ಕಿಗೆ ಕಚ್ಚಿಕೊಳ್ಳುವ ಪಿನ್ ಮೇಲೆ ಬೀಳುವ ಈ ಭಾರಕ್ಕೆ ಪಿನ್ ವೇಟ್ ಅನ್ನುತ್ತಾರೆ.

ನಿಮ್ಮ ಲೆಕ್ಕ: 13,500ಕ್ಕೆ 20 ಪರ್ಸೆಂಟ್ ಅಂದರೆ 2,700 ಪೌಂಡ್. ಐದು ಜನಕ್ಕೆ 700 ಇಟ್ಟುಕೊಳ್ಳಿ. ತೊಟ್ಟಿಯಲ್ಲಿ ಕೂತು ಟ್ರೈಲರ್ ಹಿಡಿದುಕೊಳ್ಳುವ ಕೊಂಡಿ, ಅಂದರೆ ಹಿಚ್ಚೇ 180 ಪೌಂಡ್ ಇರುತ್ತದೆ. ಒಟ್ಟು 3,580. ಇನ್ನೂ ಜನರೇಟರ್ ಇಟ್ಟಿಲ್ಲ, ಐಸ್ ಪೆಟ್ಟಿಗೆ ಇಟ್ಟಿಲ್ಲ.

ಈಗ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಹಳದಿ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲ್ಲಿನ ಎರಡು ಗಾಡಿಗೆ ಬೇರೆ ಬೇರೆ ಸಂಖ್ಯೆ ಇರಬಹುದು. ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಸನ್‌ರೂಫ್, ಒಂದೊಂದು ಸೇರಿದಾಗಲೂ ಪೇಲೋಡ್ ಕರಗುತ್ತದೆ. ನನ್ನ ಮೊದಲ ಡೀಸೆಲ್ ಎಫ್-250ರಲ್ಲಿ 2,140 ಇತ್ತು. ಸೀಟು ತಣ್ಣಗಾಗುವ ಟ್ರಕ್ಕು, ಹೆಗಲು ಮಾತ್ರ ಕುರಿಮರಿಯದು.

ಬ್ರೋಷರ್‌ನಲ್ಲಿ ಕೊಡುವ ಪಿನ್ ವೇಟ್ ನಂಬಬೇಡಿ. ಅದು ನೀರಿಲ್ಲದ, ಸಾಮಾನಿಲ್ಲದ ಗಾಡಿಯದು. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿದರೆ 500 ಪೌಂಡ್ ಆಯಿತು. ಜೊತೆಗೆ ನಾವು ಸಾಮಾನೆಲ್ಲ ತುಂಬುವುದು ಮುಂದಿನ ಡಬ್ಬಿಯಲ್ಲೇ ಅಲ್ವಾ? ಅದು ಸರಿಯಾಗಿ ಪಿನ್ ಮೇಲೇ ಇರುತ್ತದೆ.

ಟೈರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂಟಿ ಟೈರಿನ ಟ್ರಕ್ಕಿಗೆ ಬರುವ 275/70 ಆರ್ 18 ಅಳತೆಯ ಟೈರ್ ಪೂರ್ತಿ ಗಾಳಿಯಲ್ಲಿ ಸುಮಾರು 3,640 ಪೌಂಡ್ ಹೊರುತ್ತದೆ. ಎರಡಕ್ಕೆ 7,280. ಡ್ಯೂಲಿಯ 245/75 ಆರ್ 17 ಜೋಡಿಯಲ್ಲಿದ್ದಾಗ ಒಂದಕ್ಕೆ 2,910, ನಾಲ್ಕಕ್ಕೆ 11,640. ಈ ಸಾಮರ್ಥ್ಯದಲ್ಲೇ ಟ್ರಕ್ಕಿನ ಹಿಂಭಾಗದ ಸ್ವಂತ ತೂಕವೂ ಸೇರುತ್ತದೆ ಅನ್ನುವುದು ನೆನಪಿರಲಿ.

ಈಗ ನನ್ನ ಹತ್ತಿರ ಡ್ಯೂಲಿ ಇದೆ. ಹಾಗಂತ ಎಲ್ಲರಿಗೂ ಅದೇ ಬೇಕು ಅನ್ನಲ್ಲ. 10,000 ಪೌಂಡಿನ ಟ್ರೈಲರ್ ಆಗಿದ್ದರೆ ಎಫ್-250ಕ್ಕಿಂತ ಹೆಚ್ಚು ಹೊರುವ ಒಂಟಿ ಟೈರಿನ ಎಫ್-350 ತಗೊಂಡು ಸುಮ್ನೆ ಇರಿ ಅನ್ನುತ್ತಿದ್ದೆ.

ಕ್ಯಾಲಿಫೋರ್ನಿಯಾದ ಡಬ್ಲಿನ್‌ನಿಂದ

ನಾನು ಡ್ಯೂಲಿ ಕೊಂಡು 14 ತಿಂಗಳಿಗೆ ಮಾರಿದವನು.

ಹೆದ್ದಾರಿಯಲ್ಲಿ ಅದರಷ್ಟು ಗಟ್ಟಿ ಗಾಡಿ ಓಡಿಸಿಲ್ಲ, ಒಪ್ಪುತ್ತೇನೆ. ಆದರೆ ನಾವು ವರ್ಷಕ್ಕೆ ಕ್ಯಾಂಪಿಂಗ್ ಹೋಗುವುದು 30 ದಿನ. ಮಿಕ್ಕ 335 ದಿನ ಅದೇ ಗಾಡಿಯಲ್ಲಿ ಮಗನ ಈಜು ಕ್ಲಾಸು, ಇಂಡಿಯನ್ ಸ್ಟೋರು, ಡೆಂಟಿಸ್ಟು. ಹಿಂದಿನ ಅಗಲ 96 ಇಂಚು, ಅಂದರೆ ಪೂರ್ತಿ ಎಂಟು ಅಡಿ. ಪಾರ್ಕಿಂಗ್ ಗೆರೆಗಳ ನಡುವೆ ಇರುವುದೇ ಎಂಟೂವರೆ, ಒಂಬತ್ತು ಅಡಿ. ಪಕ್ಕದ ಕಾರಿನವರು ಬಾಗಿಲು ತೆಗೆಯಲಾಗದೆ ನಿಂತಿರುತ್ತಿದ್ದರು. ಅವರ ಮುಖ ನೋಡಿ ನಾಚಿಕೆಯಾಗಿ ನಾನು ಯಾವಾಗಲೂ ಪಾರ್ಕಿಂಗ್ ಲಾಟಿನ ತುದಿಯಲ್ಲೇ ನಿಲ್ಲಿಸುತ್ತಿದ್ದೆ. ಮಳೆಯಲ್ಲಿ 20 ಕೆಜಿ ಅಕ್ಕಿ ಹೊತ್ತು ನಡೆದು ನೋಡಿ, ಗೊತ್ತಾಗುತ್ತೆ. ಯಂತ್ರವೇ ಗಾಡಿಯನ್ನು ತಳ್ಳಿಕೊಂಡು ಹೋಗುವ ಕಾರ್ ವಾಶ್ ಒಳಗೆ ಬಿಡಲ್ಲ. ಕಾಫಿ ಡ್ರೈವ್ ಥ್ರೂನಲ್ಲಿ ಹಿಂದಿನ ಫೆಂಡರ್ ಒಮ್ಮೆ ಕಟ್ಟೆಗೆ ಉಜ್ಜಿತು. ಎರಡನೇ ಸಲವೂ ಉಜ್ಜಿತು.

ಟೈರ್ ಬದಲಾಯಿಸುವಾಗ ನಾಲ್ಕಲ್ಲ, ಆರು.

ಮನೆ ಬಡಾವಣೆಯ ಸಂಘದ ನಿಯಮ ಮೊದಲು ಓದಿ. ನಮ್ಮಲ್ಲಿ ಜೋಡಿ ಟೈರಿನ ಗಾಡಿ ರಸ್ತೆಯಲ್ಲಿ ರಾತ್ರಿ ನಿಲ್ಲಿಸುವ ಹಾಗಿಲ್ಲ. ಕೊಂಡ ಮೇಲೆ ನನಗೆ ಪತ್ರ ಬಂತು.

ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಿಂದ

ನಮ್ಮ ಮನೆಯಲ್ಲಿ ಟ್ರೈಲರ್ ಎಳೆಯುವವಳು ನಾನೇ. ಯಜಮಾನರು ಮ್ಯಾಪ್ ನೋಡುತ್ತಾರೆ, ಚುರುಮುರಿ ಮಾಡುತ್ತಾರೆ. ಅದಕ್ಕೆ ಮೊದಲು ನಿಮ್ಮ ಮನೆಯವರಿಗೆ ಒಂದು ಮಾತು: ಅಗಲದ ಹೆದರಿಕೆ ಟ್ರೈಲರ್ ಕಟ್ಟಿದಾಗ ಇರುವುದಿಲ್ಲ ರೀ. ಹಿಂದಿನ ಫಿಫ್ತ್ ವೀಲ್ ತಾನೇ ಎಂಟು, ಎಂಟೂವರೆ ಅಡಿ ಅಗಲ ಇರುತ್ತದೆ. ಅದು ನುಗ್ಗುವ ಕಡೆ ಡ್ಯೂಲಿಯೂ ನುಗ್ಗುತ್ತದೆ. ಕಷ್ಟ ಇರುವುದು ಟ್ರೈಲರ್ ಬಿಚ್ಚಿಟ್ಟ ಮೇಲೆ, ಊರೊಳಗೆ. ಡಬ್ಲಿನ್‌ನವರು ಹೇಳಿದ್ದು ಅದನ್ನೇ.

ನಾವು ಐದು ವರ್ಷ ಒಂಟಿ ಟೈರಿನ "ಒಂದು ಟನ್" ಟ್ರಕ್ಕಿನಲ್ಲಿ, ಅಂದರೆ ಎಫ್-350 ದರ್ಜೆಯದರಲ್ಲಿ, 12,000 ಪೌಂಡಿನ ಫಿಫ್ತ್ ವೀಲ್ ಎಳೆದೆವು. ಸ್ಟಿಕರ್ ಲೆಕ್ಕದಲ್ಲಿ ಸರಿಯಾಗಿಯೇ ಇದ್ದೆವು. ಆದರೂ ವಯೋಮಿಂಗ್‌ನಲ್ಲಿ ಐ-80 ಹೆದ್ದಾರಿ ಮೇಲೆ, ಲಾರಮಿ ದಾಟಿ ಎಲ್ಕ್ ಮೌಂಟನ್ ಹತ್ತಿರ ಬಂದರೆ ನನ್ನ ಕೈ ಬೆವರುತ್ತಿತ್ತು. ಅಲ್ಲಿ ಗಾಳಿ ಅಡ್ಡ ಬೀಸುತ್ತದೆ. ಹಗುರವಾದ ಎತ್ತರದ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುವ ದಿನಗಳಿವೆ. ಪ್ರತಿ ಹೊಡೆತಕ್ಕೂ ಟ್ರಕ್ಕಿನ ಹಿಂಭಾಗ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಬೀಳುವಷ್ಟಲ್ಲ. ಆದರೆ ಎರಡು ಗಂಟೆ ಹಾಗೆ ಓಡಿಸಿದರೆ ಭುಜ ಹಿಡಿದುಕೊಳ್ಳುತ್ತದೆ. ಡ್ಯೂಲಿ ಬಂದ ಮೇಲೆ ಅದೇ ದಾರಿ, ಅದೇ ಗಾಳಿ. ಟ್ರೈಲರ್ ಅಲುಗಾಡುವುದು ಗೊತ್ತಾಗುತ್ತದೆ, ಟ್ರಕ್ ಮಾತ್ರ ಕಾಲೂರಿ ನಿಂತ ಹಾಗೆ ಇರುತ್ತದೆ. ಯಾವ ಸ್ಟಿಕರ್ ಮೇಲೂ ಇದನ್ನು ಬರೆದಿರಲ್ಲ.

ಟೈರ್ ಒಡೆದ ಕಥೆಯನ್ನೂ ಕೇಳಿ. ಜುಲೈ ಮಧ್ಯಾಹ್ನ, ಐ-25ರಲ್ಲಿ ಪ್ವೆಬ್ಲೋ ದಾಟಿ ದಕ್ಷಿಣಕ್ಕೆ ಹೋಗುತ್ತಿದ್ದೆವು. ಹಳೇ ಟ್ರಕ್ಕಿನ ಬಲಗಡೆ ಹಿಂದಿನ ಟೈರ್ ಢಂ ಅಂತು. ಹಿಂಭಾಗ ಆ ಕಡೆಗೆ ಕುಸಿದು ಎಳೆಯಿತು. ಬ್ರೇಕ್ ತುಳಿಯಬೇಡ, ಸ್ಟೀರಿಂಗ್ ನೇರ ಹಿಡಿ, ತಾನಾಗಿ ನಿಧಾನ ಆಗಲಿ ಅಂತ ಯಾರೋ ಕಲಿಸಿದ್ದರು, ಬದುಕಿದೆವು. ಜೋಡಿ ಟೈರ್ ಇದ್ದಿದ್ದರೆ ಪಕ್ಕದ್ದು ಹಿಡಿದುಕೊಳ್ಳುತ್ತಿತ್ತು ಅಂತ ಎಲ್ಲರೂ ಅಂದರು. ನಿಜ. ಆದರೆ ತಪ್ಪು ನಮ್ಮದೇ ಇತ್ತು. ಆ ಟೈರಿಗೆ ಏಳು ವರ್ಷ ಆಗಿತ್ತು. ಮೇಲೆ ನೋಡಿದರೆ ಅಚ್ಚು ಚೆನ್ನಾಗಿಯೇ ಇತ್ತು, ಬಿಸಿಲಿಗೆ ಒಳಗೊಳಗೇ ಸತ್ತಿತ್ತು. ಟೈರಿನ ಪಕ್ಕ ಡಿಒಟಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ 2019ರ 23ನೇ ವಾರ ಮಾಡಿದ್ದು ಅಂತ ಅರ್ಥ. ಹಳೇ ಟ್ರಕ್ ಕೊಳ್ಳುವುದಾದರೆ ಆರೂ ಟೈರಿನದು ಓದಿ.

ಮಿನೆಸೋಟದಿಂದ

ಹಿಮದಲ್ಲಿ ಖಾಲಿ ಡ್ಯೂಲಿ ಹಂದಿ ಜಾರಿದ ಹಾಗೆ ಜಾರುತ್ತದೆ. ತೂಕ ನಾಲ್ಕು ಟೈರಿಗೆ ಹಂಚಿಹೋಗುತ್ತಲ್ಲ, ಹಿಡಿತ ಇರಲ್ಲ. ಚಳಿಗಾಲ ಪೂರ್ತಿ ತೊಟ್ಟಿಯಲ್ಲಿ ಮರಳಿನ ಚೀಲ ಇಟ್ಟುಕೊಂಡೇ ಓಡಾಡುತ್ತೇನೆ. ನಿಮಗೆ ಫ್ರೀಮಾಂಟ್‌ನಲ್ಲಿ ಈ ತಾಪತ್ರಯ ಇಲ್ಲ ಬಿಡಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮೂರು ಕಡೆ ಹೋಗಿ ಬಾಗಿಲು ತೆಗೆದು ಓದಿಕೊಂಡು ಬಂದೆ. ಡೀಲರ್ ತೋರಿಸಿದ ಎಫ್-250: 2,260. ಒಂಟಿ ಟೈರಿನ ಡೀಸೆಲ್ ಎಫ್-350: 3,650. ಜೋಡಿ ಟೈರಿನ ಎಫ್-350, ಮೂರು ವರ್ಷ ಹಳೆಯದು: 5,210. ಮೊದಲನೆಯದು ಹೋಯಿತು. ಎರಡನೆಯದರಲ್ಲಿ ಲೆಕ್ಕಕ್ಕೆ 70 ಪೌಂಡ್ ಉಳಿಯುತ್ತದೆ. ಅದು ಸಾಕಾ?

ಟೆಕ್ಸಾಸ್‌ನವರು

70 ಪೌಂಡ್ ಅಂದರೆ ಒಂದು ಐಸ್ ಪೆಟ್ಟಿಗೆ ಮತ್ತು ನಿಮ್ಮ ತಂದೆಯವರ ಸೂಟ್‌ಕೇಸ್. ಪಿನ್ 20 ಅಲ್ಲ 22 ಪರ್ಸೆಂಟ್ ಬಂದರೆ 270 ಪೌಂಡ್ ಜಾಸ್ತಿಯಾಗಿ ಮಿತಿ ದಾಟಿರುತ್ತೀರಿ. ಚಿಕ್ಕ ಫಿಫ್ತ್ ವೀಲ್ ನೋಡಿ, ಇಲ್ಲಾ ದೊಡ್ಡ ಟ್ರಕ್ ನೋಡಿ. ಮೊದಲು ಮನೆ, ಆಮೇಲೆ ಎತ್ತು.

ಯಾವುದನ್ನೇ ಕೊಂಡರೂ ಸಾಮಾನು ತುಂಬಿ, ಎಲ್ಲರನ್ನೂ ಕೂರಿಸಿ ಒಮ್ಮೆ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿ. ನಮ್ಮೂರ ವೇಬ್ರಿಡ್ಜ್ ಥರವೇ. ಲಾರಿಗಳು ನಿಲ್ಲುವ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ. ಆಮೇಲೆ ಟ್ರೈಲರ್ ಬಿಚ್ಚಿ ಟ್ರಕ್ ಒಂದನ್ನೇ ಮತ್ತೆ ತೂಗಿಸಿ. ಟ್ರಕ್ಕಿನ ಎರಡು ಆಕ್ಸಲ್‌ಗಳ ಮೊತ್ತದಲ್ಲಿ ಎರಡು ಚೀಟಿಗೂ ಇರುವ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ವೇಟ್.

ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಿಂದ

ನಮ್ಮಪ್ಪ ಹಾಸನದಲ್ಲಿ ಲಾರಿ ಓಡಿಸುತ್ತಿದ್ದರು. ಜೋಡಿ ಟೈರು ಅಂದರೆ ಅಮೆರಿಕದವರು ಏನೋ ಹೊಸದು ಅನ್ನುವ ಹಾಗೆ ಮಾತಾಡುವಾಗ ನನಗೆ ನಗು ಬರುತ್ತದೆ. ನಮ್ಮ ರಸ್ತೆಗಳಲ್ಲಿ ಇರುವ ಲಾರಿ ಬಸ್ಸೆಲ್ಲ ಹಿಂದೆ ಜೋಡಿ ಟೈರಿನವೇ ಅಲ್ವಾ?

ಅದರ ತೊಂದರೆ ಇರುವುದು ಒಳಗಿನ ಟೈರಿನಲ್ಲಿ. ಹೊರಗಿನದು ಕಣ್ಣಿಗೆ ಕಾಣುತ್ತದೆ. ಒಳಗಿನದು ಗಾಳಿ ಕಳೆದುಕೊಂಡರೂ ಗಾಡಿ ವಾಲುವುದಿಲ್ಲ, ಪಕ್ಕದ್ದು ಸುಮ್ಮನೆ ಇಬ್ಬರ ಭಾರ ಹೊತ್ತು ಬಿಸಿಯಾಗುತ್ತಾ ಹೋಗುತ್ತದೆ. ಕೊನೆಗೆ ಎರಡೂ ಹೋಗುತ್ತವೆ. ಅಪ್ಪನ ಲಾರಿಯ ಕ್ಲೀನರ್ ಪ್ರತಿ ಟೀ ಅಂಗಡಿಯಲ್ಲೂ ಇಳಿದು ಲಿವರ್‌ನಿಂದ ಒಂದೊಂದೇ ಟೈರಿಗೆ ಬಡಿಯುತ್ತಿದ್ದ. ಗಾಳಿ ತುಂಬಿದ್ದು ಟಣ್ ಅನ್ನುತ್ತೆ, ಇಳಿದದ್ದು ದಪ್ ಅನ್ನುತ್ತೆ. ನಾನು ಈಗಲೂ ಒಂದು ಮರದ ದೊಣ್ಣೆ ಇಟ್ಟುಕೊಂಡಿದ್ದೇನೆ. ಆದರೆ ಸ್ವಲ್ಪ ಗಾಳಿ ಕಡಿಮೆ ಆದದ್ದು ಬಡಿತಕ್ಕೆ ಗೊತ್ತಾಗಲ್ಲ, ಗೇಜು ಬೇಕೇ ಬೇಕು. ಒಳಗಿನ ಟೈರಿಗೆ ಉದ್ದದ ವಾಲ್ವ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಗೇಜು ಹಿಡಿಯಲು ನೆಲದ ಮೇಲೆ ಮಲಗಬೇಕಾಗುತ್ತದೆ.

ಇನ್ನೊಂದು ತೊಂದರೆ ಕಲ್ಲಿನದು. ಜಲ್ಲಿ ರಸ್ತೆಯ ಕ್ಯಾಂಪ್‌ಗ್ರೌಂಡ್‌ನಿಂದ ಹೊರಬಂದ ಮೇಲೆ ಇಳಿದು ಎರಡು ಟೈರಿನ ಸಂದಿ ನೋಡಿ. ಸಿಕ್ಕಿಕೊಂಡ ಕಲ್ಲು ಟೈರಿನ ಪಕ್ಕವನ್ನು ತಿನ್ನುತ್ತದೆ, ಇಲ್ಲಾ ಹೆದ್ದಾರಿಯಲ್ಲಿ ಹಿಂದೆ ಬರುವವರ ಗಾಜಿಗೆ ಹಾರುತ್ತದೆ.

ಹಾಗೇ ಲೈಸೆನ್ಸ್ ವಿಷಯ ಯಾರೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ 10,000 ಮೀರಿ 15,000 ಪೌಂಡಿನ ಒಳಗಿನ ಫಿಫ್ತ್ ವೀಲ್‌ಗೆ ಮಾಮೂಲಿ ಕ್ಲಾಸ್ ಸಿ ಲೈಸೆನ್ಸ್ ಮೇಲೆ ಒಂದು ಎಂಡೋರ್ಸ್‌ಮೆಂಟ್, ಅಂದರೆ ಹೆಚ್ಚುವರಿ ಅನುಮತಿ ಬೇಕು. 15,000 ಮೀರಿದರೆ ಕ್ಲಾಸ್ ಎ. ನಿಮ್ಮದು ಮೊದಲನೆಯದರಲ್ಲಿ ಬರುತ್ತದೆ. ಮನೆಯವರೂ ಓಡಿಸುವುದಾದರೆ ಇಬ್ಬರೂ ಮಾಡಿಸಿಕೊಳ್ಳಿ. ಟ್ರೈಲರ್ ಎಳೆಯುವಾಗ ಇಲ್ಲಿ 55 ಮೈಲಿಯೇ ಮಿತಿ, ಅದು ಯಾವ ಟ್ರಕ್ಕಿಗಾದರೂ ಒಂದೇ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ

ಆ ಮೂರು ವರ್ಷ ಹಳೆಯ ಡ್ಯೂಲಿಯನ್ನೇ ತಗೊಂಡೆವು. ಒಪ್ಪಿಸಿದ್ದು ನಾನಲ್ಲ. ಕೊಲರಾಡೋದವರ ಮಾತು ಓದಿ ನನ್ನ ಹೆಂಡತಿಯೇ "ಒಮ್ಮೆ ಓಡಿಸಿ ನೋಡ್ತೀನಿ" ಅಂದಳು. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾಲ್ಕು ಸುತ್ತು ಹೊಡೆದಳು, ರಿವರ್ಸ್‌ನಲ್ಲಿ ಒಂದು ಕೋನ್ ಬೀಳಿಸಿದಳು, ಇಳಿದು ಬಂದು ಸರಿ ಅಂದಳು. ಡಬ್ಲಿನ್‌ನವರ ಮಾತೂ ಕೇಳಿದ್ದೇವೆ. ಹಳೇ ಕ್ಯಾಮ್ರಿ ಮಾರುತ್ತಿಲ್ಲ, ಅಂಗಡಿ ಮುಂಗಟ್ಟಿಗೆ ಅದೇ. ಟ್ರಕ್ಕು ಟ್ರೈಲರ್ ಎರಡೂ ಸ್ಟೋರೇಜ್ ಯಾರ್ಡ್‌ನಲ್ಲಿ. ಹಿಂದಿನ ಒಳಗಿನ ಟೈರ್ ಎರಡರ ಸಂಖ್ಯೆ ಟಾರ್ಚ್ ಹಾಕಿ ಓದಿದೆ, ಹಳೆಯವು. ಆರನ್ನೂ ಬದಲಾಯಿಸುತ್ತಿದ್ದೇನೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ದೋಸೆ ಹಿಟ್ಟಿಗೆ ಗ್ರೈಂಡರ್ ಬೇಕೇ ಬೇಕು ಅಂತ ಅಮ್ಮ ಹಟ ಹಿಡಿದಿದ್ದಾರೆ. ಅದನ್ನು ಮುಂದಿನ ಡಬ್ಬಿಯಲ್ಲಿ ಇಡಬಹುದಾ?

ಟೆಕ್ಸಾಸ್‌ನವರು

ಮುಂದೆ ಬೇಡ. ಅಡುಗೆ ಕಟ್ಟೆಯ ಕೆಳಗೆ, ಟ್ರೈಲರ್ ಆಕ್ಸಲ್ ಮೇಲೆ ಬರುವ ಹಾಗೆ ಇಡಿ. ಕಲ್ಲು ತೆಗೆದು ಬೇರೆ ಕಟ್ಟಿ.